ಬೆಳಗಾದರೆ ಬ್ಯಾಟರಿ ಡೌನು

ಅಕ್ಕುತಾಯಿ ಕೀಲಿ ತಿರುವಿದಳು. ಬಾನೆಟ್ಟಿನ ಒಳಗೆಲ್ಲೋ ‘ಕಟ್’ ಅಂತ ಒಂದು ಸದ್ದಾಯಿತು, ಅಷ್ಟೇ. ಮತ್ತೆ ತಿರುವಿದಳು. ಈ ಸಲ ಅದೂ ಇಲ್ಲ. ಮೀಟರಿನ ಪಕ್ಕದ ಕೆಂಪು ದೀಪ ಮಿಣುಕ್ಕೆಂದು ಆರಿಹೋಯಿತು.

ಪಕ್ಕದ ಸೀಟಿನಲ್ಲಿ ಅವಳ ಗಂಡ ನೇಮಿನಾಥ ಕೂತಿದ್ದ. ಅವನನ್ನು ಅಲ್ಲಿಗೆ ತಂದು ಕೂರಿಸುವುದೇ ಒಂದು ದೊಡ್ಡ ಕೆಲಸ. ಕುರ್ಚಿಯಿಂದ ಎಬ್ಬಿಸಬೇಕು, ಎಡಗೈಗೆ ಕೋಲು ಕೊಟ್ಟು ಬಲಗಡೆ ತಾನು ಹೆಗಲು ಕೊಡಬೇಕು, ಹೊಸ್ತಿಲು ದಾಟಿಸಬೇಕು, ಸೀಟಿಗೆ ಕೂರಿಸಿದ ಮೇಲೆ ಮಾತು ಕೇಳದ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಡಬೇಕು. ಇಷ್ಟೆಲ್ಲ ಮಾಡಿ ಬೆವರು ಒರೆಸಿಕೊಂಡು ಕೂತರೆ ಗಾಡಿ ‘ಕಟ್’ ಅನ್ನುತ್ತದೆ.

ಅದು ತೊಂಬತ್ತೊಂದನೆಯ ಇಸವಿಯ ಕಬ್ಬಿನ ಹಂಗಾಮು. ಬೇಡಕಿಹಾಳದ ಬಸದಿ ಓಣಿಯಲ್ಲಿ ಅವಳ ಮನೆ. ಓಣಿ ದಾಟಿದರೆ ಚಹಾದ ಹೊಟೇಲು, ಹೊಟೇಲಿನ ಮುಂದಿನ ಕಟ್ಟೆಯ ಮೇಲೆ ಬೆಳಗಿನ ಹೊತ್ತು ನಾಲ್ಕೈದು ಗಂಡಸರು ಇದ್ದೇ ಇರುತ್ತಾರೆ. ಅಕ್ಕುತಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಅಲ್ಲಿಗೆ ನಡೆದಳು. ಅವಳು ಬರುವುದನ್ನು ಕಂಡೇ ಧರೆಪ್ಪ ಬೀಡಿ ಆರಿಸಿದ.

“ಏನ್ರಿ ವೈನಿ, ಇವತ್ತೂ ಗಾಡಿಗೆ ಮೇವು ಹಾಕಿಲ್ಲೇನು?”

ಎಲ್ಲರೂ ನಕ್ಕರು. ಕೆಟ್ಟ ಜನ ಅಲ್ಲ ಅವರು. ನಗುತ್ತಲೇ ಎದ್ದು ಬಂದರು, ಹಿಂದೆ ನಿಂತು ಕೈ ಹಚ್ಚಿದರು, ಗಾಡಿಯನ್ನು ಓಣಿಯ ಮೋರಿಗಲ್ಲು ಹಾರಿಸಿ ಇಳಿಜಾರಿಗೆ ತಂದು ಬಿಟ್ಟರು. ಅಕ್ಕುತಾಯಿ ಕ್ಲಚ್ ಬಿಟ್ಟಳು, ಗಾಡಿ ಎರಡು ಸಲ ಜಿಗಿದು ಹೊತ್ತಿಕೊಂಡಿತು. ಹಿಂದಿನಿಂದ ಚಪ್ಪಾಳೆ ಕೇಳಿತು. ಆ ಚಪ್ಪಾಳೆಯೇ ಅವಳಿಗೆ ಬೇಡವಾಗಿತ್ತು.

ನೇಮಿನಾಥ ಎಡಗೈಯಿಂದ ಡ್ಯಾಶ್‌ಬೋರ್ಡ್ ಬಡಿಯುತ್ತ ಏನೋ ಅಂದ. “ದೂ… ದೂ… ಬ್ಯಾ…”

“ಗೊತ್ತಾತ್ರಿ, ಗೊತ್ತಾತು,” ಅಂದಳು ಅಕ್ಕುತಾಯಿ. “ದೂಡಿಸಬ್ಯಾಡ ಅಂತೀರಿ. ದೂಡಿಸದ ಮತ್ತ ಹೆಂಗ ಹೋಗೂಣು, ಹೆಗಲ ಮ್ಯಾಲ ಹೊತ್ಕೊಂಡು ಹೋಗ್ಲೇನು?”

ಅವನು ತಲೆ ಅಡ್ಡಡ್ಡ ಆಡಿಸಿದ. ಅವಳು ರಸ್ತೆ ನೋಡುತ್ತಿದ್ದಳು.

ಹಿಂದಿನ ವರ್ಷದ ಬೇಸಿಗೆಯವರೆಗೂ ಆ ಗಾಡಿಯ ಕೀಲಿ ಅಕ್ಕುತಾಯಿಯ ಕೈಗೆ ಬಂದದ್ದಿಲ್ಲ. ನೇಮಿನಾಥ ಇಚಲಕರಂಜಿಯ ಒಬ್ಬ ನೂಲಿನ ವ್ಯಾಪಾರಿಯ ಹತ್ತಿರ ಅದನ್ನು ಹಳೆಯದೇ ಕೊಂಡು ತಂದಿದ್ದ. ಬಿಳಿ ಬಣ್ಣದ ಕಾರು, ಬಾಗಿಲು ಮುಚ್ಚಿದರೆ ಪೆಟ್ಟಿಗೆ ಮುಚ್ಚಿದಂತೆ ಗಟ್ಟಿ ಸದ್ದು. ಕಬ್ಬಿಗೆ ನೀರು ಬಿಟ್ಟು ಬಂದವನು ಕೈಕಾಲು ತೊಳೆಯುವ ಮೊದಲು ಗಾಡಿ ಒರೆಸುತ್ತಿದ್ದ. ಸಣ್ಣಪುಟ್ಟ ರಿಪೇರಿ ತಾನೇ ಮಾಡಿಕೊಳ್ಳುತ್ತಿದ್ದ. ಹಾಗೆ ಒರೆಸುತ್ತಿರುವಾಗಲೇ ಒಂದು ಸಂಜೆ ಬಟ್ಟೆ ಕೈಯಿಂದ ಜಾರಿತು, ಬಗ್ಗಿ ತೆಗೆಯಲು ಹೋದವನು ಏಳಲಿಲ್ಲ. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ನಾಲಗೆ ಒಂದು ಶಬ್ದ ಹಿಡಿದರೆ ಇನ್ನೊಂದು ಬಿಡುತ್ತಿತ್ತು. ತಿಳಿವಳಿಕೆ ಮಾತ್ರ ಎಳ್ಳಷ್ಟೂ ಕೆಟ್ಟಿರಲಿಲ್ಲ.

ಮಿರಜದ ಡಾಕ್ಟರು ವಾರಕ್ಕೆ ಎರಡು ಸಲ ಬಂದು ಕೈಕಾಲಿನ ವ್ಯಾಯಾಮ ಮಾಡಿಸಿಕೊಂಡು ಹೋಗಬೇಕು, ತಪ್ಪಿಸಬಾರದು ಅಂದರು. ಬಸ್ಸಿನ ಮೆಟ್ಟಿಲು ಅವನಿಗೆ ಹತ್ತಲಾಗುವುದಿಲ್ಲ. ಮಗಳು ಅಥಣಿಗೆ ಲಗ್ನವಾಗಿ ಹೋಗಿದ್ದಳು. ಬಾಡಿಗೆ ಡ್ರೈವರುಗಳು ಕಬ್ಬಿನ ಹಂಗಾಮಿನಲ್ಲಿ ಹೇಳಿದ ದಿನ ಸಿಗುತ್ತಿರಲಿಲ್ಲ. ಕೊನೆಗೆ ಅಕ್ಕುತಾಯಿ ಸಕ್ಕರೆ ಕಾರ್ಖಾನೆಯ ಜೀಪು ಓಡಿಸಿ ನಿವೃತ್ತನಾಗಿದ್ದ ಬಂದಗಿಸಾಬನ ಮನೆಗೆ ಹೋಗಿ, “ಕಾಕಾ, ನನಗ ಗಾಡಿ ಹೊಡಿಯೂದು ಕಲಸ್ರಿ,” ಅಂದಳು. ಮುದುಕ ನಗಲಿಲ್ಲ. “ಕಾಲು ಎಟುಕತಾವೇನವಾ?” ಅಂತ ಅಷ್ಟೇ ಕೇಳಿದ. ಎಟುಕುತ್ತಿರಲಿಲ್ಲ. ಬೆನ್ನಿಗೆ ಒಂದು ತಲೆದಿಂಬು ಇಟ್ಟುಕೊಂಡು ಕಲಿತಳು. ನಲವತ್ತೆರಡರ ಹೆಂಗಸು ಇಳಕಲ್ ಸೀರೆಯುಟ್ಟು ಸ್ಟೀರಿಂಗ್ ಹಿಡಿದು ಸದಲಗಾ ದಾಟಿ ಹೋಗುವುದನ್ನು ಜನ ನಿಂತು ನೋಡಿದರು, ಕೆಲವು ದಿನ ಆಡಿಕೊಂಡರು, ಆಮೇಲೆ ರೂಢಿಯಾಯಿತು.

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ಬ್ಯಾಟರಿ ಶುರು ಮಾಡಿತು. ದಿನಾ ಕೆಟ್ಟಿದ್ದರೆ ಒಂದು ಥರ. ಇದು ಹಾಗಲ್ಲ. ಮೂರು ದಿನ ಕೀಲಿ ಮುಟ್ಟಿದರೆ ಸಾಕು, ಗಾಡಿ ಏಳುತ್ತಿತ್ತು. ನಾಲ್ಕನೆಯ ದಿನ, ಅದೂ ಮಿರಜಕ್ಕೆ ಹೋಗುವ ದಿನವೇ, ಸತ್ತು ಬಿದ್ದಿರುತ್ತಿತ್ತು.

ಚಿಕ್ಕೋಡಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಬಾಬಾಸಾಹೇಬನ ಗ್ಯಾರೇಜು. ನೇಮಿನಾಥನ ಕಾಲದಿಂದಲೂ ಅಲ್ಲಿಗೇ ಗಾಡಿ ಹೋಗುತ್ತಿತ್ತು. ದೂಡಿಸಿಕೊಂಡು ಹೊತ್ತಿಸಿದ ಗಾಡಿಯನ್ನು ಅಕ್ಕುತಾಯಿ ಅಲ್ಲಿಗೆ ಒಯ್ದಳು. ಬಾಬಾಸಾಹೇಬ ಬಾನೆಟ್ ಎತ್ತಿ, ಮೀಟರ್ ಹಚ್ಚಿ, ಎಂಜಿನ್ ಏರಿಸಿ ಇಳಿಸಿ ನೋಡಿದ.

“ಚಾರ್ಜಿಂಗ್ ಬರೋಬ್ಬರಿ ಐತ್ರಿ. ಬ್ಯಾಟರಿ ಮುದಿ ಆಗೈತಿ.”

ಹೊಸ ಬ್ಯಾಟರಿ ಬಂತು. ಎರಡು ವಾರ ಗಾಡಿ ಹೂವಿನಂತೆ ಎದ್ದಿತು. ಮೂರನೆಯ ವಾರ ಹೊಸ ಬ್ಯಾಟರಿಯೂ ಮುದಿಯಾಯಿತು.

“ಡೈನಮೋದ ಕಾರ್ಬನ್ ಸವದಾವ,” ಅಂದ ಬಾಬಾಸಾಹೇಬ. ಅದೂ ಆಯಿತು. ಮತ್ತೆ ಅದೇ ಕಥೆ.

ಮೂರನೆಯ ಸಲ ಅವಳನ್ನು ದೂರದಿಂದಲೇ ಕಂಡು, “ಕಾಯ್ ಝಾಲಂ ವೈನಿ, ಏನಾತು, ಮತ್ತ ಡೌನಾ?” ಅಂತ ಕೂಗಿದ. ಗ್ಯಾರೇಜಿನಲ್ಲಿದ್ದ ಬೇರೆ ಗಿರಾಕಿಗಳು ತಿರುಗಿ ನೋಡಿ ನಕ್ಕರು. ಅವಳು ಇಳಿದು ಬರುವಷ್ಟರಲ್ಲಿ ಅವನ ತೀರ್ಮಾನ ತಯಾರಾಗಿತ್ತು. “ನೋಡ್ರಿ, ಸಿಟ್ಟಾಗಬ್ಯಾಡ್ರಿ. ಗಾಡಿ ಜೋರ ಹೊಡೀಬೇಕು. ನೀವು ಕಬ್ಬಿನ ಚಕ್ಕಡಿ ಹಿಂದ ಚಕ್ಕಡಿ ಆಗಿ ಹೋದ್ರ ಬ್ಯಾಟರಿ ತುಂಬೂದು ಹೆಂಗ? ಇಲ್ಲಾಂದ್ರ ಲೈಟ್ ಬಂದ್ ಮಾಡೂದು ಮರೀತಿರಬೇಕು. ಹೆಣ್ಣಮಕ್ಕಳಿಗೆ ಮನಿ ವಿಚಾರ ತಲ್ಯಾಗಿರತೈತಿ.”

“ನಾ ಲೈಟ್ ಹಚ್ಚೂದಽ ಇಲ್ಲ,” ಅಂದಳು ಅಕ್ಕುತಾಯಿ. “ಹೊತ್ತು ಮುಳುಗೂದ್ರಾಗ ಊಟ ಮುಗಸೂ ಜೈನರು ನಾವು. ಸಂಜೀಗೆ ಗಾಡಿ ಯಾಕ ತಗೀಲಿ?”

ಬಾಬಾಸಾಹೇಬ ಭುಜ ಕುಣಿಸಿ ಇನ್ನೊಂದು ಗಾಡಿಯ ಕಡೆ ಹೋದ. ಅಕ್ಕುತಾಯಿ ವಾಪಸು ಬರುವಾಗ ಸಿಟ್ಟಿನಲ್ಲಿ ನಿಜಕ್ಕೂ ಜೋರಾಗಿಯೇ ಹೊಡೆದಳು. ಮರುದಿನ ಬೆಳಿಗ್ಗೆ ಗಾಡಿ ಏಳಲಿಲ್ಲ.

ಅಂದಿನಿಂದ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ಗಾಡಿ ನಿಲ್ಲಿಸಿದ ಮೇಲೆ ಎಲ್ಲ ಗುಂಡಿ ಒತ್ತಿ ನೋಡುವಳು, ಸುತ್ತು ಹಾಕಿ ಮುಂದಿನ ದೀಪ ಹಿಂದಿನ ದೀಪ ನೋಡುವಳು, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದುತ್ತ ಮತ್ತೆ ಅನುಮಾನ ಬಂದು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕೀಲಿ ನೋಡುವಳು. ತನ್ನದು ತಪ್ಪಿಲ್ಲವಾದರೆ ಇನ್ಯಾರದೋ ಇರಬೇಕಲ್ಲ. ಆಗ ಅವಳ ಕಣ್ಣು ಮೈದುನ ದಶರಥನ ಮೇಲೆ ಬಿತ್ತು.

ದಶರಥ ಅದೇ ಅಂಗಳದ ಆಚೆ ಬದಿಯ ಮನೆಯಲ್ಲಿದ್ದ. ಟ್ರ್ಯಾಕ್ಟರ್ ಅವನದು. ಗಾಡಿಯಲ್ಲಿದ್ದ ರೇಡಿಯೋ ಅಂದರೆ ಅವನಿಗೆ ಪ್ರಾಣ. ಕ್ರಿಕೆಟ್ ಇದ್ದ ದಿನ ಮಧ್ಯಾಹ್ನ ಗಾಡಿಯೊಳಗೆ ಕೂತು ಕಾಮೆಂಟರಿ ಕೇಳುತ್ತಿದ್ದ.

“ದಶರಥಾ, ನಿನ್ನಿ ಗಾಡ್ಯಾಗ ಕುಂತು ರೇಡಿಯೋ ಹಚ್ಚಿದ್ದೇನು?”

“ಹಚ್ಚಿದ್ದೆ ವೈನಿ. ಅರ್ಧಾ ತಾಸು ಕೇಳಿ ಬಂದ್ ಮಾಡೀನಿ.”

“ಅರ್ಧಾ ತಾಸೋ ಅರ್ಧಾ ದಿನಾನೋ ಯಾರಿಗೆ ಗೊತ್ತು? ನಿನಗ ಆಟ, ನನಗ ಇಲ್ಲಿ ಜೀವಾ ಹೋಗಾಕತ್ತೈತಿ. ಕಟ್ಟಿ ಮ್ಯಾಲಿನ ಮಂದಿ ಮುಂದ ಕೈ ಮುಗಿದು ನಿಂದ್ರಾಕಿ ನಾನು, ನೀನಲ್ಲ!”

“ಅಣ್ಣಾನ ಗಾಡಿ ಬ್ಯಾರೆ, ನಂದು ಬ್ಯಾರೆ ಅಂತ ನಾ ತಿಳಿದಿರಲಿಲ್ಲ ವೈನಿ. ಇವತ್ತ ತಿಳೀತು,” ಅಂದು ದಶರಥ ಹೊರಟುಹೋದ. ಆಮೇಲೆ ಅಂಗಳದ ಈ ಬದಿಗೆ ಕಾಲಿಡಲಿಲ್ಲ. ಅಣ್ಣನನ್ನು ಗಾಡಿಗೆ ಹತ್ತಿಸಲು ಮೊದಲು ಅವನೇ ಬರುತ್ತಿದ್ದ. ಈಗ ಅಕ್ಕುತಾಯಿ ಒಬ್ಬಳೇ.

ಅವಳು ಬಾಬಾಸಾಹೇಬನಿಗೆ ಹೇಳಿ ರೇಡಿಯೋದ ವಾಯರನ್ನೇ ಕೀಳಿಸಿಬಿಟ್ಟಳು. ಬ್ಯಾಟರಿ ಅದಕ್ಕೂ ಕೇರ್ ಮಾಡಲಿಲ್ಲ. ಎಂಟು ದಿನದೊಳಗೆ ಮತ್ತೆ ಡೌನು. ಅಂದರೆ ದಶರಥನದೂ ತಪ್ಪಲ್ಲ. ಹೋಗಿ ಹಾಗೆಂದು ಹೇಳಬೇಕಿತ್ತು. ಆದರೆ ಏನಂತ ಹೇಳುವುದು? ಗೊಂದಲವೇ ಬಗೆಹರಿದಿಲ್ಲ, ಕ್ಷಮೆ ಕೇಳುವುದಕ್ಕೂ ಒಂದು ಕಾರಣ ಕೈಯಲ್ಲಿರಬೇಕಲ್ಲ ಎಂದುಕೊಂಡು ದಿನ ತಳ್ಳಿದಳು.

ಮಿರಜಕ್ಕೆ ಹೋಗುವುದು ತಪ್ಪುತ್ತ ಬಂತು. ಹೋದ ದಿನವೂ ತಡವಾಗಿ ಹೋಗಿ ಸಾಲಿನ ಕೊನೆಯಲ್ಲಿ ಕೂರಬೇಕು, ಬರುವಾಗ ಹೊತ್ತು ಮುಳುಗಿ ಇಬ್ಬರೂ ಉಪವಾಸ ಮಲಗಬೇಕು. ಡಾಕ್ಟರು ನೇಮಿನಾಥನ ಬಲಗೈ ಬೆರಳು ಬಿಡಿಸಿ ನೋಡಿ, ಅವು ಮತ್ತೆ ಮಡಚಿಕೊಳ್ಳುತ್ತಿವೆ ಎಂದು ಅವಳ ಮೇಲೆ ರೇಗಿದರು. “ಹೀಗೆ ಬಿಟ್ಟು ಬಿಟ್ಟು ಬಂದರೆ ಏನೂ ಉಪಯೋಗವಿಲ್ಲಮ್ಮಾ.” ಬ್ಯಾಟರಿ ಅಂತ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಗಂಡನ ಕೈ ಸೆಟೆಯುತ್ತಿರುವುದಕ್ಕೆ ಬ್ಯಾಟರಿ ಕಾರಣ ಅಂದರೆ ಯಾರು ನಂಬುತ್ತಾರೆ?

ಮುಂದಿನ ಸರದಿಯ ದಿನ ಬೆಳಿಗ್ಗೆ ಕೀಲಿ ತಿರುವಿದಾಗ ಮತ್ತೆ ‘ಕಟ್’.

ಅಕ್ಕುತಾಯಿ ಇಳಿದಳು. ಗಾಲಿಗೆ ಒದ್ದಳು, ಕಾಲಿಗೇ ನೋವಾಯಿತು. ಕೀಲಿಯನ್ನು ಬೀಸಿ ಎಮ್ಮೆಯ ಗೋದಲಿಗೆ ಎಸೆದು ಮನೆಯ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಧರೆಪ್ಪನೇ ಇಬ್ಬರನ್ನು ಕರೆದುಕೊಂಡು ಓಣಿಯ ಬಾಯಿಗೆ ಬಂದ. ಕರೆಯದೆಯೇ ಬರುವಷ್ಟು ರೂಢಿಯಾಗಿತ್ತು ಅವರಿಗೂ.

ಅವರು ಗಾಡಿಯ ಹಿಂದೆ ಕೈ ಇಡುವಷ್ಟರಲ್ಲಿ ನೇಮಿನಾಥ ಒಳಗಿನಿಂದ ಹ್ಯಾಂಡ್ ಬ್ರೇಕ್ ಎಳೆದುಬಿಟ್ಟ. ಕೋಲನ್ನು ಕಿಟಕಿಯಿಂದ ಹೊರಗೆ ಚಾಚಿ ಬಾಗಿಲನ್ನು ದಬದಬ ಬಡಿದ.

“ದೂಡ… ಬ್ಯಾ… ದೂಡಬ್ಯಾ…”

“ಯಾಕ್ರೀ?” ಅಕ್ಕುತಾಯಿ ಎದ್ದು ಬಂದು ಅವನ ಮುಂದೆ ನಿಂತಳು. ಓಣಿಯವರು ಕೇಳುತ್ತಾರೆ ಎಂಬ ಖಬರೂ ಇರಲಿಲ್ಲ. “ಮರ್ಯಾದಿ ಹೋಗತೈತೇನು ನಿಮ್ಮದು? ನಂದು ಯಾವಾಗೋ ಹೋಗೇತಿ! ಯಾರ ಸಲುವಾಗಿ ದೂಡಿಸಾಕತ್ತೀನಿ ನಾನು?”

ನೇಮಿನಾಥನ ಕಣ್ಣಲ್ಲಿ ನೀರು ಬಂತು. ಆದರೆ ಅವನು ಮುಖ ತಿರುಗಿಸಲಿಲ್ಲ. ಕೋಲಿನಿಂದ ಬಾನೆಟ್ ತೋರಿಸಿದ. ಆಮೇಲೆ ಮೋರಿಗಲ್ಲು ತೋರಿಸಿದ. ಕೈಯನ್ನು ಎತ್ತಿ ಎತ್ತಿ ಕುಕ್ಕಿದ, ಗಾಡಿ ಕಲ್ಲು ಹಾರಿದಂತೆ. ಮತ್ತೆ ಬಾನೆಟ್ ತೋರಿಸಿದ. ಮತ್ತೆ ಕುಕ್ಕಿದ. ಆಮೇಲೆ ಅಂಗೈ ಬಿಚ್ಚಿ ಖಾಲಿ ತೋರಿಸಿದ.

ಅಕ್ಕುತಾಯಿ ಮೋರಿಗಲ್ಲಿನತ್ತ ತಿರುಗಿ ನೋಡಿದಳು. ಬಾಬಾಸಾಹೇಬ ನೋಡಿದ್ದೆಲ್ಲ ದೂಡಿದ ಮೇಲೆ. ಮೋರಿಗಲ್ಲು ಹಾರಿ, ಚಿಕ್ಕೋಡಿಯ ತನಕ ಹೊಂಡಗಳಲ್ಲಿ ಕುಕ್ಕಿಸಿಕೊಂಡು ಹೋದ ಮೇಲೆ. ಕೆಟ್ಟ ಗಾಡಿಯನ್ನು ಕೆಟ್ಟಲ್ಲೇ ಇಟ್ಟು ಈವರೆಗೆ ಯಾರೂ ನೋಡಿರಲಿಲ್ಲ.

“ಕುಕ್ಕಿದ ಕೂಡ್ಲೇ ಸರಿ ಆಗಿಬಿಡ್ತೈತೇನ್ರಿ ಅದು? ಅದಕ್ಕ ದೂಡಬ್ಯಾಡ ಅಂತೀರೇನು?”

ನೇಮಿನಾಥ ತಲೆಯಾಡಿಸಿದ ರಭಸಕ್ಕೆ ಟೊಪಿಗೆ ಬಿದ್ದುಹೋಯಿತು. ತಿಂಗಳಾನುಗಟ್ಟಲೆ ಅವನು ಇದನ್ನೇ ಹೇಳುತ್ತಿದ್ದ.

ಅಕ್ಕುತಾಯಿ ಧರೆಪ್ಪನ ಕಡೆ ತಿರುಗಿ, “ಇವತ್ತ ದೂಡೂದು ಬ್ಯಾಡ್ರಿ,” ಅಂದಳು. ಅವರು ಮುಖ ಮುಖ ನೋಡಿಕೊಂಡು ಹೋದರು.

ಈಗ ಬೇಕಾದದ್ದು ತುಂಬಿದ ಬ್ಯಾಟರಿ. ಅದು ಇದ್ದದ್ದು ದಶರಥನ ಟ್ರ್ಯಾಕ್ಟರಿನಲ್ಲಿ. ಅಂಗಳ ದಾಟಲು ಹತ್ತು ಹೆಜ್ಜೆ ಸಾಕು. ಅಕ್ಕುತಾಯಿ ಅರ್ಧಕ್ಕೆ ಹೋಗಿ ಒಮ್ಮೆ ಹಿಂದಿರುಗಿದಳು, ಮತ್ತೆ ಹೋದಳು. ದಶರಥ ಕಬ್ಬು ಸಾಗಿಸಲು ಹೊರಟು ನಿಂತಿದ್ದ.

“ನಿನ್ನ ಟ್ರ್ಯಾಕ್ಟರ್ ಬ್ಯಾಟರಿ ಬೇಕಾಗಿತ್ತು. ನಿಮ್ಮಣ್ಣ ಕೇಳಾಕತ್ತಾರ.” ತಾನು ಅಂತ ಹೇಳಲು ನಾಲಗೆ ಏಳಲಿಲ್ಲ.

ದಶರಥ ಅವಳ ಮುಖ ನೋಡದೆಯೇ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ. ಬ್ಯಾಟರಿ ಬಿಚ್ಚಿ ಹೊತ್ತು ತಂದು ಗಾಡಿಯ ಹಳೆಯದರ ಜಾಗದಲ್ಲಿ ಇಟ್ಟ. ಅದಕ್ಕೆ ಮೊದಲು ಬಾನೆಟ್ ಎತ್ತುವಾಗ, ಜೋರಾಗಿ ಎತ್ತಬೇಡ ಎಂದು ನೇಮಿನಾಥ ಕೋಲು ಅಲ್ಲಾಡಿಸಿದ್ದ. ಇಬ್ಬರೂ ಸೇರಿ ಅವನನ್ನು ಇಳಿಸಿ ಬಾನೆಟ್ಟಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ದಶರಥ ಕೊನೆಯ ವಾಯರನ್ನು ಬ್ಯಾಟರಿಗೆ ತಾಗಿಸಿದಾಗ ‘ಚಟ್’ ಎಂದು ದಪ್ಪ ಕಿಡಿ ಹಾರಿತು.

“ಕೀಲಿ ಹಚ್ಚಿರೇನು?”

“ಕೀಲಿ ಗೋದಲ್ಯಾಗ ಐತಿ,” ಅಂದಳು ಅಕ್ಕುತಾಯಿ.

ಕೀಲಿಯಿಲ್ಲ, ದೀಪವಿಲ್ಲ, ರೇಡಿಯೋ ಇಲ್ಲ. ಆದರೂ ಕರೆಂಟು ಎಲ್ಲಿಗೋ ಹರಿಯುತ್ತಿದೆ. ನೇಮಿನಾಥ ಕೋಲಿನಿಂದ ಟ್ರ್ಯಾಕ್ಟರಿನ ಹಿಂಭಾಗ ತೋರಿಸತೊಡಗಿದ.

“ಟ್ರ್ಯಾಕ್ಟರ್‌ಲೇ ಎಳೀಬೇಕೇನ್ರಿ?” ಅಲ್ಲ. “ಹಗ್ಗ ಬೇಕೇನು?” ಅಲ್ಲ. “ಕೆಂಪು… ಬ್ರೇಕಾ?” ಅಲ್ಲ, ಅಲ್ಲ. ಅವನು ಎಡಗೈಯಿಂದ ತೊಡೆ ಬಡಿದುಕೊಂಡ, ಉಗುಳು ಸುರಿಯಿತು, ಕುತ್ತಿಗೆಯ ನರ ಉಬ್ಬಿದವು. ಬಾಯಿಂದ ಬಂದದ್ದು “ಬ… ಬ…” ಮಾತ್ರ. ಅಕ್ಕುತಾಯಿಗೂ ಅಳು ಬರುವಂತಾಯಿತು. ಗೊತ್ತಿರುವವನ ಬಾಯಿ ಕಟ್ಟಿದೆ, ಬಾಯಿ ಇದ್ದವಳಿಗೆ ಏನೂ ಗೊತ್ತಿಲ್ಲ.

ದಶರಥ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತ. “ಬಲ್ಬಾ? ಅಣ್ಣಾ, ಬಾವಿ ಮೋಟಾರ್ ಕೆಟ್ಟಾಗ ನೀ ಬಲ್ಬ್ ಹಿಡಿದು ನೋಡ್ತಿದ್ದೆಲ್ಲಾ, ಹಂಗಾ?”

ನೇಮಿನಾಥ ತಮ್ಮನ ಹೆಗಲ ಮೇಲೆ ಕೈ ಇಟ್ಟು ದೊಡ್ಡ ಉಸಿರು ಬಿಟ್ಟ.

ಟ್ರ್ಯಾಕ್ಟರಿನ ಹಿಂದಿನ ದೀಪ ಹೋಲ್ಡರ್ ಸಮೇತ ಬಂತು. ಬ್ಯಾಟರಿಯಿಂದ ವಾಯರ್ ಬಿಡಿಸಿ ಅವೆರಡರ ನಡುವೆ ಬಲ್ಬಿನ ಎರಡು ಎಳೆ ಸೇರಿಸಿದರು. ಎಲ್ಲ ಬಂದ್ ಇದ್ದಾಗ ಬಲ್ಬು ಹತ್ತಬಾರದು. ಅದು ಝಗ್ಗೆಂದು ಹತ್ತಿತು. ಹಾಡುಹಗಲಲ್ಲಿ ಆ ಬೆಳಕನ್ನು ಅಕ್ಕುತಾಯಿ ನೋಡುತ್ತ ನಿಂತಳು. ತಾನು ಮರೆತಿರಲಿಲ್ಲ, ಮೆಲ್ಲಗೆ ಓಡಿಸಿದ್ದಕ್ಕಲ್ಲ, ಹೆಣ್ಣೆಂಬ ಕಾರಣಕ್ಕಂತೂ ಅಲ್ಲ. ಖುಷಿಯಾಗಬೇಕಿತ್ತು, ಬಂದದ್ದು ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು.

ದಶರಥ ಒಂದೊಂದಾಗಿ ಫ್ಯೂಸ್ ಕಿತ್ತ. ದೀಪದ್ದು, ಹಾರ್ನಿನದು, ವೈಪರಿನದು. ಎಲ್ಲ ಕಿತ್ತರೂ ಬಲ್ಬು ಉರಿಯುತ್ತಲೇ ಇತ್ತು.

“ಎಲ್ಲಾ ಖಾಲಿ ಆತಲ್ಲೋ ಅಣ್ಣಾ. ಇನ್ನೇನು ಉಳೀತು?”

ನೇಮಿನಾಥ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಬೀಳುತ್ತಾನೆಂದು ಅಕ್ಕುತಾಯಿ ಹಿಂದಿನಿಂದ ಅಂಗಿ ಹಿಡಿದುಕೊಂಡಳು. ಡೈನಮೋದಿಂದ ಬಂದ ದಪ್ಪ ವಾಯರಿನ ಮೇಲೆ ಅವನ ಬೆರಳು ಹರಿದು, ಬದಿಯ ತಗಡಿಗೆ ಕೂರಿಸಿದ್ದ ಒಂದು ಕರಿ ಡಬ್ಬಿಯ ಮೇಲೆ ನಿಂತಿತು. ಕಟೌಟು. ಗಾಡಿ ಓಡುವಾಗ ಡೈನಮೋದ ಕರೆಂಟನ್ನು ಬ್ಯಾಟರಿಗೆ ಬಿಡುವ ಬಾಗಿಲು ಅದು. ಗಾಡಿ ನಿಂತ ಕೂಡಲೇ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ತುಂಬಿದ್ದೆಲ್ಲ ಬಂದ ದಾರಿಯಲ್ಲೇ ವಾಪಸು ಸೋರಿಹೋಗುತ್ತದೆ. ನೇಮಿನಾಥ ದಶರಥನ ಸ್ಕ್ರೂಡ್ರೈವರನ್ನು ಇಸಿದುಕೊಂಡು ತಿರುಗಾ ಹಿಡಿದು ಅದರ ಮರದ ಹಿಡಿಕೆಯಿಂದ ಡಬ್ಬಿಗೆ ಮೆಲ್ಲಗೆ ಒಂದು ಏಟು ಕೊಟ್ಟ.

‘ಟಕ್’. ಬಲ್ಬು ಆರಿತು.

ದಶರಥ, “ಇಷ್ಟಽ ಏನೋ ಇದರ ಹಣೇಬರ!” ಅಂದ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಹೆಸರುಕಾಳಿನಷ್ಟು ಎರಡು ಪಾಯಿಂಟು, ಸುಟ್ಟು ಕರ್ರಗಾಗಿ ಗುಳಿಬಿದ್ದಿದ್ದವು. ಕೆಲವು ದಿನ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಕೆಲವು ದಿನ ಇಲ್ಲ. ಮೋರಿಗಲ್ಲಿನ ಕುಕ್ಕಿಗೆ ಬಿಟ್ಟುಕೊಳ್ಳುತ್ತಿದ್ದವು.

ಅಕ್ಕುತಾಯಿ ಮೈದುನನಿಗೆ ಚಹಾ ತಂದುಕೊಟ್ಟಳು. “ನಿನಗ ಅಂದದ್ದು ತಪ್ಪಾತು ದಶರಥಾ. ಯಾವಾಗೋ ಗೊತ್ತಾಗಿತ್ತು, ಹೇಳಾಕ ಬಾಯಿ ಬರಲಿಲ್ಲ,” ಅಂದಳು. ಅವನು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಕುಡಿದ. “ರೇಡಿಯೋದ ವಾಯರ್ ಹಚ್ಚಿಸ್ರಿ ವೈನಿ,” ಅಂದ, ಅಷ್ಟೇ.

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಬಾಬಾಸಾಹೇಬ ಪಾಯಿಂಟುಗಳನ್ನು ಪಾಲಿಶ್ ಕಾಗದದಿಂದ ತಿಕ್ಕಿ, “ನಾ ಅವತ್ತಽ ಹೇಳಿದ್ದೆ, ವಾಯರಿಂಗದಾಗ ಏನೋ ಐತಿ ಅಂತ,” ಅಂದ. ಅವನು ಹಾಗೆ ಅಂದೇ ಇರಲಿಲ್ಲ. ವಾದ ಮಾಡಲು ಅಕ್ಕುತಾಯಿಗೆ ಚೈತನ್ಯವಿರಲಿಲ್ಲ. ಹೊಸ ಕಟೌಟಿಗೆ ನಿಪ್ಪಾಣಿಗೆ ಹೋದರೆ ಅಂಗಡಿಯವನು ಬೇರೆ ಗಾಡಿಯದು ಕೊಟ್ಟು ಕಳಿಸಿದ. ಅದು ಕೂರಲಿಲ್ಲ. ಕೊಲ್ಲಾಪುರದಿಂದ ಸರಿಯಾದದ್ದು ಬರುವ ತನಕ ಅವಳು ದಿನಾ ಗಾಡಿ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ಪಾನಾದಿಂದ ಬ್ಯಾಟರಿಯ ವಾಯರ್ ಬಿಚ್ಚಿಡಬೇಕಾಯಿತು. ಉಗುರಿನ ಸಂದಿಯ ಮಸಿ ರೊಟ್ಟಿ ತಟ್ಟಿದರೂ ಹೋಗುತ್ತಿರಲಿಲ್ಲ.

ಕೊನೆಗೆ ಅದೂ ಬಂತು, ಕೂತಿತು. ಕೀಲಿ ಮುಟ್ಟಿದರೆ ಗಾಡಿ ಎದ್ದಿತು, ಮರುದಿನವೂ, ಅದರ ಮರುದಿನವೂ. ಆದರೆ ತಪ್ಪಿಹೋದ ವಾರಗಳನ್ನು ಯಾವ ಕಟೌಟೂ ತಿರುಗಿ ಕೊಡಲಿಲ್ಲ. ನೇಮಿನಾಥನ ಬಲಗಾಲು ಕ್ರಮೇಣ ನೆಲ ಹಿಡಿಯಿತು, ಬಲಗೈ ಬೆರಳುಗಳು ಮಾತ್ರ ಮಡಚಿದಂತೆಯೇ ಉಳಿದವು. ಅದು ನೆನಪಾದಾಗಲೆಲ್ಲ ಅಕ್ಕುತಾಯಿಗೆ ಚಿಕ್ಕೋಡಿಯ ಆ ಗ್ಯಾರೇಜಿನ ನಗು ಕಿವಿಯಲ್ಲಿ ಬಡಿಯುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು, ಪಕ್ಕದಲ್ಲೇ ಕೂತು ದಿನಾ ಹೇಳುತ್ತಿದ್ದ ಮಾತನ್ನು ತಾನು ಒಮ್ಮೆಯೂ ಪೂರಾ ಕೇಳಲಿಲ್ಲ ಅನ್ನುವುದು.

ಆಮೇಲೆ ಅವನು ಬಾಯಿ ತೆರೆದರೆ ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿ ಕೇಳತೊಡಗಿದಳು. ಹಾಗೆ ಒಂದು ದಿನ ದೂಧಗಂಗಾ ಸೇತುವೆ ದಾಟಿ, ಕಬ್ಬಿನ ಚಕ್ಕಡಿಗಳ ಸಾಲಿನ ಹಿಂದೆ ಹೋಗುವಾಗ ಅವನು “ಗೇ… ಗೇ…” ಅಂದ. ಅವಳು ನಿಲ್ಲಿಸಿದಳು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದು ಮುಂದೆ ಹೋದ. ನೇಮಿನಾಥ ತುಟಿಗಳನ್ನು ಕಷ್ಟಪಟ್ಟು ಕೂಡಿಸಿ, ಲಕ್ವಾ ಹೊಡೆದ ಮೇಲೆ ಮೊದಲ ಸಲ ಒಂದು ವಾಕ್ಯವನ್ನು ಇಡಿಯಾಗಿ ಆಡಿದ.

“ಗೇರ್ ಬದ್ಲಿ ಮಾಡು ಅಂದ್ರ… ಗಾಡಿ ಯಾಕ ನಿಂದ್ರಸ್ತಿ?”